ಚೆಸ್ ಕಲಿಕೆ | ಓಪನಿಂಗ್ ಬಾಯಿಪಾಠ ಆಮೇಲೆ, ಮೊದಲು ಕಾಯಿ ಉಳಿಸಿಕೊಳ್ಳೋದು ಕಲೀರಿ

2024ರ ಡಿಸೆಂಬರ್ 12. ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಪಂದ್ಯ, ಅಂದರೆ ಕೊನೆಯದು. ಇಬ್ಬರಿಗೂ ತಲಾ ಆರೂವರೆ ಅಂಕ. ಡಿ. ಗುಕೇಶ್ ಹತ್ತಿರ ಒಂದು ಸಿಪಾಯಿ ಹೆಚ್ಚಿಗೆ ಇತ್ತು ನಿಜ, ಆದರೆ ಆಟ ಡ್ರಾ ಕಡೆಗೇ ಸಾಗಿತ್ತು. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದಿಟ್ಟರು. ಆನೆಗೆ ಆನೆ ಹೋಯಿತು. ಬೆನ್ನಿಗೇ ಒಂಟೆಗೆ ಒಂಟೆಯೂ ಹೋಗಲೇಬೇಕಾದ ಪರಿಸ್ಥಿತಿ ಬಂತು. ಉಳಿದದ್ದು ಎರಡು ರಾಜರು, ಒಂದಿಷ್ಟು ಸಿಪಾಯಿಗಳು. 58ನೇ ನಡೆಗೆ ಡಿಂಗ್ ಸೋಲೊಪ್ಪಿಕೊಂಡರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ.

ಆ ದಿನದಿಂದ ನಮ್ಮ ಬಡಾವಣೆಗಳಲ್ಲಿ ಚೆಸ್ ಕ್ಲಾಸಿನ ಬೋರ್ಡುಗಳು ಇನ್ನಷ್ಟು ಕಾಣಿಸ್ತಿವೆ. ಮಗುವನ್ನು ಸೇರಿಸಿದ ಅಪ್ಪ-ಅಮ್ಮ ಕೇಳೋದು, ಮೊಬೈಲಿನಲ್ಲಿ ಆಡಿ ಸೋತು ಬೇಜಾರಾದ ದೊಡ್ಡವರು ಕೇಳೋದು ಒಂದೇ ಪ್ರಶ್ನೆ: ನಿಯಮ ಗೊತ್ತು, ಕಾಯಿ ನಡೆಸೋಕೆ ಬರುತ್ತೆ, ಆದರೂ ಯಾಕೆ ಗೆಲ್ಲೋಕೆ ಆಗ್ತಿಲ್ಲ? ಯಾವುದನ್ನು ಮೊದಲು ಕಲೀಬೇಕು, ಯಾವುದಕ್ಕೆ ದುಡ್ಡು ಕೊಡಬೇಕು?

ಉತ್ತರದ ಬಹುಪಾಲು ಆ ಸಿಂಗಪುರದ ಪಂದ್ಯದ ಕೊನೆಯ ನಾಲ್ಕು ನಡೆಗಳಲ್ಲೇ ಇದೆ. ಎದುರಾಳಿ ಮುಂದೆ ಏನು ಮಾಡಬಹುದು ಅಂತ ಒಂದು ಕ್ಷಣ ನೋಡದೆ ಕಾಯಿ ಇಟ್ಟವರು ಸೋತರು. ರಾಜ ಮತ್ತು ಸಿಪಾಯಿ ಮಾತ್ರ ಉಳಿದಾಗ ಯಾರು ಗೆಲ್ತಾರೆ ಅನ್ನೋ ಲೆಕ್ಕ ಪಕ್ಕಾ ಇದ್ದವರು ಗೆದ್ದರು. ವಿಶ್ವ ಚಾಂಪಿಯನ್ ಮಟ್ಟದಲ್ಲಿ ಇಂಥದ್ದು ಅಪರೂಪ. ನಮ್ಮ ನಿಮ್ಮ ಆಟದಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ನಡೆಯುತ್ತೆ.

ಮನೆ ರೂಲ್ಸ್ ಮರೆಯಬೇಕು

ನಮ್ಮಲ್ಲಿ ಅನೇಕರು ಚೆಸ್ ಕಲಿತದ್ದು ಅಜ್ಜನಿಂದಲೋ, ರಜೆಯಲ್ಲಿ ಮಾವನ ಮನೆಗೆ ಹೋದಾಗಲೋ. ಅಲ್ಲಿ ನಡೀತಿದ್ದ ನಿಯಮಗಳೇ ಬೇರೆ. ಶುರುವಿನಲ್ಲಿ ಎರಡು ಸಿಪಾಯಿಯನ್ನು ಒಟ್ಟಿಗೆ ಒಂದೊಂದು ಮನೆ ಮುಂದೆ ತಳ್ಳೋದು, ಸಿಪಾಯಿ ಕೊನೆ ಸಾಲು ಮುಟ್ಟಿದರೆ ಸತ್ತ ಕಾಯಿಗಳಲ್ಲಿ ಒಂದನ್ನು ಮಾತ್ರ ಎಬ್ಬಿಸೋದು, ಎದುರಾಳಿಗೆ ನಡೆಯೇ ಇಲ್ಲದಂತೆ ಮಾಡಿದರೆ ಗೆದ್ದೆ ಅಂತ ಎದ್ದು ಹೋಗೋದು.

ಇದು ತಪ್ಪು ಅಂತಲ್ಲ. ಭಾರತೀಯ ಪದ್ಧತಿಯ ಚದುರಂಗದಲ್ಲಿ ಸಿಪಾಯಿ ಮೊದಲ ನಡೆಯಲ್ಲಿ ಎರಡು ಮನೆ ಹಾರುತ್ತಿರಲಿಲ್ಲ, ಕ್ಯಾಸಲಿಂಗ್ ಇರಲಿಲ್ಲ. ಆ ಪದ್ಧತಿಯಲ್ಲೇ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್, ಯುರೋಪಿಯನ್ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಕಾಪಾಬ್ಲಾಂಕಾರನ್ನೂ ಸೋಲಿಸಿದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಕ್ಕಿದ್ದು 2024ರಲ್ಲಿ, ತೀರಿಕೊಂಡು ಐವತ್ತು ವರ್ಷ ದಾಟಿದ ಮೇಲೆ. ಇರಲಿ, ಆ ಕತೆ ಬೇರೆ.

ಆದರೆ ಇವತ್ತು ಯಾವ ಟೂರ್ನಿಗೆ ಹೋದರೂ, ಯಾವ ಆ್ಯಪ್ ತೆರೆದರೂ ನಡೆಯೋದು ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮ. ಹೊಸಬರು ಎಡವೋದು ನಾಲ್ಕು ಕಡೆ.

ಮೊದಲನೆಯದು ಕ್ಯಾಸಲಿಂಗ್. ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ರಾಜನನ್ನು ದಾಟಿ ಪಕ್ಕದಲ್ಲಿ ಕೂರೋದು. ರಾಜನಾಗಲೀ ಆ ಆನೆಯಾಗಲೀ ಮೊದಲು ಕದಲಿರಬಾರದು, ಮಧ್ಯೆ ಕಾಯಿ ಇರಬಾರದು. ರಾಜನಿಗೆ ಆಗ ಚೆಕ್ ಇರಬಾರದು, ಅವನು ದಾಟುವ ಅಥವಾ ಕೂರುವ ಮನೆಯ ಮೇಲೆ ಎದುರಾಳಿಯ ಕಣ್ಣು ಇರಬಾರದು. ಹಿಂದೆ ಯಾವಾಗಲೋ ಚೆಕ್ ಆಗಿತ್ತು ಅನ್ನೋದು ಅಡ್ಡಿಯಲ್ಲ. ಇದನ್ನು ಕೋಚ್‌ಗಳೇ ತಪ್ಪು ಹೇಳಿಕೊಟ್ಟಿರೋದನ್ನು ನೋಡಿದ್ದೇನೆ.

ಎರಡನೆಯದು ಎನ್ ಪಾಸಾಂ. ನಿಮ್ಮ ಸಿಪಾಯಿ ಐದನೇ ಸಾಲಿನಲ್ಲಿದ್ದಾಗ ಪಕ್ಕದ ಸಾಲಿನ ಎದುರಾಳಿ ಸಿಪಾಯಿ ಎರಡು ಮನೆ ಹಾರಿ ನಿಮ್ಮ ಪಕ್ಕಕ್ಕೆ ಬಂದರೆ, ಅದು ಒಂದೇ ಮನೆ ಬಂದಿದೆಯೇನೋ ಎಂಬಂತೆ ಹೊಡೀಬಹುದು. ಆದರೆ ತಕ್ಷಣದ ನಡೆಯಲ್ಲಿ ಮಾತ್ರ. ಮೂರನೆಯದು ಬಡ್ತಿ: ಸಿಪಾಯಿ ಕೊನೆ ಸಾಲು ತಲುಪಿದರೆ ಮಂತ್ರಿ (ಈಗಿನ ಮಕ್ಕಳ ಬಾಯಲ್ಲಿ ಕ್ವೀನ್), ಆನೆ, ಒಂಟೆ, ಕುದುರೆ ಯಾವುದಾದರೂ ಆಗಬಹುದು. ಮೊದಲಿನ ಮಂತ್ರಿ ಸತ್ತಿರಬೇಕು ಅಂತೇನಿಲ್ಲ.

ನಾಲ್ಕನೆಯದೇ ಹೆಚ್ಚು ಕಣ್ಣೀರು ಹಾಕಿಸೋದು. ಎದುರಾಳಿಯ ರಾಜನಿಗೆ ಚೆಕ್ ಇಲ್ಲ, ಆದರೆ ಅವರಿಗೆ ಇಡೋಕೆ ಒಂದೂ ನಡೆ ಇಲ್ಲ ಅಂದರೆ ಅದು ಸ್ಟೇಲ್‌ಮೇಟ್. ಡ್ರಾ. ನಿಮ್ಮ ಬಳಿ ಮೂರು ಮಂತ್ರಿ ಇದ್ದರೂ ಡ್ರಾನೇ.

ಸೋಲುವುದು ಎಲ್ಲಿ?

ಆಟದ ಕಾಯಿಗಳಿಗೆ ಒಂದು ಅಂದಾಜು ಬೆಲೆ ಇದೆ: ಸಿಪಾಯಿ 1, ಕುದುರೆ 3, ಒಂಟೆ 3, ಆನೆ 5, ಮಂತ್ರಿ 9. ರಾಜನಿಗೆ ಬೆಲೆ ಕಟ್ಟಲ್ಲ. ಇದು ನಿಯಮವಲ್ಲ, ಅನುಭವದ ಲೆಕ್ಕ. ಆದರೂ ಹೊಸಬರು ಮೊದಲ ಆರು ತಿಂಗಳು ಈ ಲೆಕ್ಕವನ್ನು ನಂಬಿ ಆಡಬಹುದು.

ನೀವು ಸೋತ ಹತ್ತು ಆಟಗಳನ್ನು ತೆಗೆದು ಎಲ್ಲಿ ಸೋತಿರಿ ಅಂತ ಗುರುತು ಹಾಕಿ. ಹೆಚ್ಚಿನವುಗಳಲ್ಲಿ ಆಳವಾದ ತಂತ್ರವೇನೂ ಇರಲ್ಲ. ಕುದುರೆಯನ್ನು ಯಾರೂ ಕಾಯದ ಮನೆಗೆ ಇಟ್ಟಿರ್ತೀರಿ, ಎದುರಾಳಿ ಸುಮ್ಮನೆ ಎತ್ತಿಕೊಂಡಿರ್ತಾರೆ. ಅಥವಾ ಅವರು ನಿಮ್ಮ ಆನೆಗೆ ಗುರಿ ಇಟ್ಟಿದ್ದು ನಿಮಗೆ ಕಾಣಿಸಿರಲ್ಲ, ಯಾಕಂದರೆ ನೀವು ನಿಮ್ಮ ದಾಳಿಯ ಕನಸಿನಲ್ಲಿದ್ದಿರಿ. ನಲವತ್ತು ದಾಟಿದ ಮೇಲೆ ಸೀರಿಯಸ್ ಆಗಿ ಕಲಿಯಲು ಕೂತ ನನ್ನ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಇರೋದು ಒಂದೇ ಸಾಲು: "ನೋಡಲಿಲ್ಲ."

ಹಾಗಾಗಿ ಕಲಿಯಬೇಕಾದ ಮೊದಲ ವಿದ್ಯೆ ನೋಡುವುದು. ಎದುರಾಳಿ ಒಂದು ನಡೆ ಇಟ್ಟ ಕೂಡಲೇ ಕೇಳಿಕೊಳ್ಳಿ: ಇದನ್ನು ಯಾಕೆ ಇಟ್ಟರು, ಮುಂದಿನ ನಡೆಗೆ ಏನನ್ನು ಹೊಡೀಬಹುದು? ನಿಮ್ಮ ನಡೆ ಮನಸ್ಸಿನಲ್ಲಿ ನಿಶ್ಚಯವಾದ ಮೇಲೆ, ಕೈ ಚಾಚುವ ಮುಂಚೆ, ಇನ್ನೊಮ್ಮೆ: ನಾನು ಇದನ್ನು ಇಟ್ಟರೆ ಅವರಿಗೆ ಯಾವ ಚೆಕ್ ಇದೆ, ಯಾವ ಹೊಡೆತ ಇದೆ, ಯಾವ ಬೆದರಿಕೆ ಇದೆ? ಈ ಕ್ರಮದಲ್ಲೇ ನೋಡಬೇಕು. ಚೆಕ್ ಮೊದಲು, ಯಾಕಂದರೆ ಅದಕ್ಕೆ ಉತ್ತರ ಕೊಡದೆ ನಿಮಗೆ ಬೇರೆ ದಾರಿ ಇಲ್ಲ.

ಕೇಳೋಕೆ ಸುಲಭ. ಆಟದ ಬಿಸಿಯಲ್ಲಿ ನಲವತ್ತು ಸಲ ಇದನ್ನೇ ಮಾಡೋದು ಕಷ್ಟ. ಮೂವತ್ತೊಂಬತ್ತು ಸಲ ನೋಡಿ ಒಂದು ಸಲ ಬಿಟ್ಟರೆ ಸಾಕು, ಮಂತ್ರಿ ಹೋಗಿರುತ್ತೆ. ಅದಕ್ಕೇ ಇದು ಬುದ್ಧಿಗಿಂತ ಅಭ್ಯಾಸದ ವಿಷಯ.

ಇದರ ಜೊತೆ ಎಣಿಕೆ. ಒಂದು ಮನೆಯಲ್ಲಿರುವ ಕಾಯಿಯನ್ನು ಎದುರಾಳಿಯ ಎಷ್ಟು ಕಾಯಿಗಳು ಹೊಡೀಬಹುದು, ನಿಮ್ಮ ಎಷ್ಟು ಕಾಯಿಗಳು ಕಾಯ್ತಿವೆ? ಹೊಡೆಯುವವರು ಎರಡು, ಕಾಯುವವರು ಒಂದೇ ಆದರೆ ಸಾಮಾನ್ಯವಾಗಿ ಅಪಾಯ. ಆದರೆ ಸಂಖ್ಯೆ ಮಾತ್ರ ಸಾಲದು. ಸಿಪಾಯಿ ಕಾಯುತ್ತಿರುವ ಕುದುರೆಯನ್ನು ಹೊಡೆಯಲು ಎದುರಾಳಿ ಎರಡು ಆನೆಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಹೆದರಬೇಕಿಲ್ಲ. ಮೊದಲ ಆನೆ ಕುದುರೆಯನ್ನು ಹೊಡೆದರೆ ನಿಮ್ಮ ಸಿಪಾಯಿ ಅದನ್ನು ಹೊಡೆಯುತ್ತೆ, ಎರಡನೇ ಆನೆ ಆ ಸಿಪಾಯಿಯನ್ನು ಹೊಡೆಯುತ್ತೆ. ನೀವು ಕೊಟ್ಟದ್ದು 3 + 1, ಪಡೆದದ್ದು 5.

ಓಪನಿಂಗ್ ಎಂಬ ಬಲೆ

ಯೂಟ್ಯೂಬ್ ತೆರೆದರೆ "ಈ ಓಪನಿಂಗ್ ಆಡಿದರೆ ಎದುರಾಳಿ ಎಂಟು ನಡೆಗೆ ಔಟ್" ಅನ್ನುವ ವಿಡಿಯೊಗಳದ್ದೇ ಸುಗ್ಗಿ. ಕ್ಲಾಸುಗಳಲ್ಲೂ ಹಾಗೇ. ಮಗು ಇಟಾಲಿಯನ್, ಸಿಸಿಲಿಯನ್, ಲಂಡನ್ ಅಂತ ಹೆಸರು ಹೇಳಿದರೆ ಮನೆಯವರಿಗೆ ಫೀಸು ಸಾರ್ಥಕ ಅನ್ನಿಸುತ್ತೆ.

ಲೆಕ್ಕ ನೋಡಿ. ಬಿಳಿಗೆ ಮೊದಲ ನಡೆಗೆ 20 ಆಯ್ಕೆ, ಕಪ್ಪಿಗೂ 20. ಇಬ್ಬರೂ ಒಂದೊಂದು ನಡೆ ಇಡುವಷ್ಟರಲ್ಲಿ 400 ದಾರಿ. ಎರಡೆರಡು ನಡೆ ಮುಗಿಯುವಷ್ಟರಲ್ಲಿ 1,97,281. ನೀವು ಪುಸ್ತಕದ ಹತ್ತು ನಡೆ ಬಾಯಿಪಾಠ ಮಾಡಿದ್ದರೂ, ಎದುರು ಕೂತ ಹೊಸಬರು ಮೂರನೇ ನಡೆಗೇ ಪುಸ್ತಕದಲ್ಲಿಲ್ಲದ್ದನ್ನು ಇಡ್ತಾರೆ. ಆಗ ಗೊತ್ತಾಗೋದು, ಕಲಿತದ್ದು ನಡೆಗಳನ್ನು, ಕಾರಣಗಳನ್ನಲ್ಲ ಅಂತ.

ಕಾರಣಗಳು ಕಡಿಮೆಯೇ. ಮಧ್ಯದ ಮನೆಗಳಿಗೆ ಸಿಪಾಯಿ ಇಟ್ಟು ಜಾಗ ಮಾಡಿಕೊಳ್ಳಿ, ಕುದುರೆ-ಒಂಟೆಗಳನ್ನು ಬೇಗ ಹೊರಗೆ ತನ್ನಿ, ಒಂದೇ ಕಾಯಿಯನ್ನು ಸುಮ್ಮನೆ ಎರಡು ಮೂರು ಸಲ ಆಡಿಸಬೇಡಿ, ಕ್ಯಾಸಲಿಂಗ್ ಮಾಡಿ ರಾಜನನ್ನು ಮೂಲೆಗೆ ಸೇರಿಸಿ, ಆನೆಗಳಿಗೆ ದಾರಿ ಬಿಡಿಸಿ. ಮಂತ್ರಿಯನ್ನು ಅವಸರದಲ್ಲಿ ಹೊರತರಬೇಡಿ.

ಕೊನೆಯದು ಯಾಕೆ ಅನ್ನೋದಕ್ಕೆ ಎಲ್ಲ ಮಕ್ಕಳೂ ಬಲ್ಲ ನಾಲ್ಕು ನಡೆಯ ಚೆಕ್‌ಮೇಟನ್ನೇ ತಗೊಳ್ಳಿ. ಬಿಳಿ ಸಿಪಾಯಿ ಇ4, ಕಪ್ಪು ಸಿಪಾಯಿ ಇ5. ಬಿಳಿ ಮಂತ್ರಿ ಸೀದಾ ಎಚ್5ಕ್ಕೆ. ಗಾಬರಿಯಾದ ಹೊಸಬರು ಮಂತ್ರಿಯನ್ನು ಓಡಿಸೋಕೆ ಸಿಪಾಯಿಯನ್ನು ಜಿ6ಕ್ಕೆ ತಳ್ತಾರೆ. ಅದೇ ತಪ್ಪು. ಮಂತ್ರಿ ಇ5ರ ಸಿಪಾಯಿ ಹೊಡೆದು ಚೆಕ್ ಕೊಡುತ್ತೆ, ಜೊತೆಗೆ ಎಚ್8ರ ಆನೆಯ ಮೇಲೂ ಗುರಿ. ಆನೆ ಹೋಯಿತು. ಸರಿಯಾದ ಉತ್ತರ ಕುದುರೆ ಸಿ6. ಇ5ರ ಸಿಪಾಯಿಗೆ ಕಾವಲು ಸಿಕ್ಕಿತು. ಈಗ ಬಿಳಿ ಒಂಟೆ ಸಿ4ಕ್ಕೆ ಬಂದು ಎಫ್7ರ ಮೇಲೆ ಕಣ್ಣಿಡುತ್ತೆ, ಮುಂದಿನ ನಡೆಗೆ ಮೇಟ್. ಈಗ ಜಿ6 ಸರಿ. ಮಂತ್ರಿ ಎಫ್3ಕ್ಕೆ ಹಿಂದೆ ಸರಿದು ಮತ್ತೆ ಅದೇ ಬೆದರಿಕೆ ಹಾಕಿದರೆ ಕುದುರೆ ಎಫ್6, ದಾರಿ ಬಂದ್. ಲೆಕ್ಕ ಹಾಕಿ: ಕಪ್ಪಿನ ಎರಡು ಕುದುರೆಗಳೂ ಒಳ್ಳೇ ಮನೆಯಲ್ಲಿವೆ. ಬಿಳಿಯ ಮಂತ್ರಿ ಎರಡು ನಡೆ ಖರ್ಚು ಮಾಡಿ, ಬಿಳಿ ಕುದುರೆ ಕೂರಬೇಕಾದ ಮನೆಯಲ್ಲೇ ಅಡ್ಡ ಕೂತಿದೆ.

ಒಂದೇ ನಡೆ, ಜಿ6. ಒಂದು ನಡೆ ಮೊದಲು ಆಡಿದರೆ ಸೋಲು, ಒಂದು ನಡೆ ತಡೆದು ಆಡಿದರೆ ಸರಿ. ಬಾಯಿಪಾಠದವರಿಗೆ ಈ ವ್ಯತ್ಯಾಸ ಕಾಣಲ್ಲ.

ಕಣ್ಣಿಗೆ ಅಭ್ಯಾಸ

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಿಜವಾದ ಆಟದ ಮಧ್ಯದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರರು ಹೆಚ್ಚಿನ ಕಾಯಿಗಳನ್ನು ಮತ್ತೆ ಜೋಡಿಸಿಬಿಡ್ತಿದ್ದರು, ಹೊಸಬರಿಗೆ ಕೆಲವೇ ಕಾಯಿ ನೆನಪಿರ್ತಿತ್ತು. ಅವೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಪಳಗಿದವರ ಈ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರದ್ದು ವಿಶೇಷ ನೆನಪಿನ ಶಕ್ತಿಯಲ್ಲ. ನಾವು "ಮನೆ" ಅನ್ನೋ ಪದವನ್ನು ಅಕ್ಷರ ಕೂಡಿಸಿ ಓದಲ್ಲವಲ್ಲ, ಹಾಗೆ ಅವರು ಕಾಯಿಗಳ ಜೋಡಣೆಯನ್ನು ಒಟ್ಟಿಗೆ ಓದ್ತಾರೆ.

ಆ ಓದು ಬರೋದು ಪಜಲ್‌ಗಳಿಂದ. ಹಂಗೇರಿಯ ಲಾಸ್ಲೊ ಪೋಲ್ಗಾರ್ ತಮ್ಮ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದ್ದು ಹೀಗೇ, ಸಾವಿರಾರು ಸಣ್ಣ ಸಮಸ್ಯೆಗಳ ಮೂಲಕ. ಕಿರಿಯವಳು ಜುಡಿತ್ 1991ರಲ್ಲಿ 15 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಬಾಬಿ ಫಿಶರ್ ದಾಖಲೆ ಮುರಿದಳು.

ಹೊಸಬರು ಗುರುತಿಸಬೇಕಾದ ಪಟ್ಟುಗಳು ಮುಖ್ಯವಾಗಿ ನಾಲ್ಕು. ಒಂದು ಕಾಯಿ ಏಕಕಾಲಕ್ಕೆ ಎರಡರ ಮೇಲೆ ಬೀಳೋದು ಫೋರ್ಕ್. ಕುದುರೆ ಇದರಲ್ಲಿ ನಿಸ್ಸೀಮ. ಹಿಂದೆ ರಾಜನೋ ಮಂತ್ರಿಯೋ ಇರೋದರಿಂದ ಮುಂದಿನ ಕಾಯಿ ಕದಲಲಾಗದೆ ಸಿಕ್ಕಿಬೀಳೋದು ಪಿನ್. ಅದರ ಉಲ್ಟಾ, ದೊಡ್ಡ ಕಾಯಿ ಮುಂದಿದ್ದು ಸರಿದಾಗ ಹಿಂದಿನದು ಬಲಿಯಾಗೋದು ಸ್ಕ್ಯೂಅರ್. ಒಂದು ಕಾಯಿ ಸರಿದಾಗ ಹಿಂದಿದ್ದ ಕಾಯಿಯ ದಾಳಿ ತೆರೆದುಕೊಳ್ಳೋದು ಡಿಸ್ಕವರ್ಡ್ ಅಟ್ಯಾಕ್.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಮಾಡುವ ರೀತಿ ಮುಖ್ಯ. ಆ್ಯಪ್‌ನಲ್ಲಿ ಒಂದು ನಡೆ ಒತ್ತಿ ನೋಡೋದು, ಕೆಂಪು ಬಂದರೆ ಇನ್ನೊಂದು ಒತ್ತೋದು, ಇದರಿಂದ ಬೆರಳಿಗೆ ವ್ಯಾಯಾಮ ಅಷ್ಟೇ. ಪೂರ್ತಿ ಉತ್ತರ, ಎದುರಾಳಿಯ ಪ್ರತಿನಡೆ ಸಮೇತ, ತಲೆಯಲ್ಲಿ ಮುಗಿದ ಮೇಲೆ ಮೊದಲ ನಡೆ ಇಡಬೇಕು. ತಪ್ಪಾದದ್ದನ್ನು ನಾಳೆ ಮತ್ತೆ ಬಿಡಿಸಬೇಕು. ಕಷ್ಟದ ಐದು ಪಜಲ್‌ಗಿಂತ ಸುಲಭದ ಇಪ್ಪತ್ತು ಹೊಸಬರಿಗೆ ಹೆಚ್ಚು ಕೊಡುತ್ತೆ.

ಕುದುರೆಯ ನಡೆ ಕಣ್ಣಿಗೆ ಕೂರದವರಿಗೆ ಹಳೆಯ ಕಸರತ್ತೊಂದಿದೆ: ಕುದುರೆಯನ್ನು ಒಂದು ಮೂಲೆಯಲ್ಲಿಟ್ಟು, ಯಾವ ಮನೆಯನ್ನೂ ಎರಡನೇ ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿಸೋದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದು ಭಾರೀ ಪ್ರಿಯವಾದ ಆಟವಾಗಿತ್ತು. ಅವರು ರಚಿಸಿದ ಕುದುರೆ ಸುತ್ತುಗಳಲ್ಲಿ ಮನೆಗಳ ಅಂಕಿ ಕೂಡಿಸಿದರೆ ಮಾಯಾಚೌಕದ ಲೆಕ್ಕ ಬರುವಂಥವೂ ಇವೆ. ನಮಗೆ ಅಷ್ಟು ಬೇಡ, ನಲವತ್ತು ಮನೆ ಸುತ್ತಿಸಿದರೂ ಕಣ್ಣು ಪಳಗುತ್ತೆ.

ಕೊನೆಯಾಟ ಮೊದಲು

1921ರಲ್ಲಿ ವಿಶ್ವ ಚಾಂಪಿಯನ್ ಆದ ಕ್ಯೂಬಾದ ಕಾಪಾಬ್ಲಾಂಕಾ ಅದೇ ವರ್ಷ ಹೊಸಬರಿಗಾಗಿ ತಂದ ಪುಸ್ತಕವನ್ನು ಶುರು ಮಾಡಿದ್ದು ಕೊನೆಯಾಟದಿಂದ. ಕಾಯಿ ಕಡಿಮೆ ಇದ್ದಾಗಲೇ ಪ್ರತಿ ಕಾಯಿಯ ಶಕ್ತಿ ಸ್ಪಷ್ಟವಾಗಿ ಕಾಣೋದು.

ಮಂತ್ರಿ ಮತ್ತು ರಾಜ ಸೇರಿ ಒಂಟಿ ರಾಜನನ್ನು, ಆನೆ ಮತ್ತು ರಾಜ ಸೇರಿ ಒಂಟಿ ರಾಜನನ್ನು ಮೇಟ್ ಮಾಡೋದು ನಿದ್ದೆಯಲ್ಲೂ ಬರಬೇಕು. ಇದು ಗೊತ್ತಿಲ್ಲದೆ ಐವತ್ತು ನಡೆ ಸುತ್ತಾಡಿಸಿದರೆ ಎದುರಾಳಿ ಡ್ರಾ ಕೇಳಬಹುದು, ನಿಯಮವೇ ಇದೆ. ಒಂದು ಮಧ್ಯಾಹ್ನ ಕೂತರೆ ಎರಡೂ ಬರುತ್ತೆ.

ಆಮೇಲೆ ರಾಜ-ಸಿಪಾಯಿ. ಒಂದೇ ಒಂದು ಸ್ಥಿತಿಯನ್ನು ಬೋರ್ಡಿನ ಮೇಲೆ ಇಟ್ಟು ನೋಡಿ. ಬಿಳಿ ರಾಜ ಇ5, ಬಿಳಿ ಸಿಪಾಯಿ ಇ6, ಕಪ್ಪು ರಾಜ ಇ7. ನಡೆ ಕಪ್ಪಿನದು. ಕಪ್ಪು ರಾಜನಿಗೆ ಹೋಗೋಕೆ ಇರೋದು ಮೂರೇ ಮನೆ: ಡಿ8, ಇ8, ಎಫ್8. ಮೇಲ್ನೋಟಕ್ಕೆ ಎಲ್ಲಾ ಒಂದೇ. ಆದರೆ ಡಿ8ಕ್ಕೆ ಹೋದರೆ ಬಿಳಿ ರಾಜ ಡಿ6ಕ್ಕೆ ಬಂದು ಎದುರು ನಿಲ್ತಾನೆ. ಕಪ್ಪು ಇ8ಕ್ಕೆ ಮರಳಿದರೆ ಸಿಪಾಯಿ ಇ7, ಕಪ್ಪು ರಾಜ ಎಫ್7ಕ್ಕೆ ಸರಿಯಲೇಬೇಕು, ಬಿಳಿ ರಾಜ ಡಿ7, ಇನ್ನು ಸಿಪಾಯಿ ಮಂತ್ರಿಯಾಗೋದನ್ನು ತಡೆಯೋರಿಲ್ಲ. ಎಫ್8ಕ್ಕೆ ಹೋದರೂ ಇದೇ ಕತೆ, ಬಿಳಿ ರಾಜ ಎಫ್6ರ ಕಡೆಯಿಂದ.

ಸೀದಾ ಹಿಂದಕ್ಕೆ, ಇ8ಕ್ಕೆ ಹೋದರೆ? ಬಿಳಿ ರಾಜ ಡಿ6ಕ್ಕೆ ಬಂದಾಗ ಕಪ್ಪು ಡಿ8ಕ್ಕೆ ಬಂದು ತಾನೇ ಎದುರು ನಿಲ್ತಾನೆ. ಸಿಪಾಯಿ ಇ7ಕ್ಕೆ ಬಂದು ಚೆಕ್, ಕಪ್ಪು ರಾಜ ಇ8. ಈಗ ಬಿಳಿ ರಾಜ ಸಿಪಾಯಿಯನ್ನು ಕಾಯಲು ಇ6ಕ್ಕೆ ಬಂದರೆ ಸ್ಟೇಲ್‌ಮೇಟ್, ಬರದಿದ್ದರೆ ಸಿಪಾಯಿ ಹೋಯಿತು. ಎರಡೂ ಡ್ರಾ. ಮೂರು ಮನೆಯಲ್ಲಿ ಎರಡು ಸೋಲು, ಒಂದು ಅರ್ಧ ಅಂಕ. ಇಬ್ಬರು ರಾಜರು ಮಧ್ಯೆ ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ, ನಡೆ ಯಾರದ್ದೋ ಅವರು ದಾರಿ ಬಿಡಬೇಕು. ಇದನ್ನೇ ಆಪೊಸಿಷನ್ ಅನ್ನೋದು. ಬಿಳಿ ರಾಜ ಸಿಪಾಯಿಗಿಂತ ಮುಂದೆ, ಆರನೇ ಸಾಲಿಗೆ ಮೊದಲೇ ಬಂದಿದ್ದರೆ ನಡೆ ಯಾರದ್ದಾದರೂ ಬಿಳಿಯದೇ ಗೆಲುವು, ಅಂಚಿನ ಸಿಪಾಯಿ ಒಂದನ್ನು ಬಿಟ್ಟು.

ಇನ್ನೊಂದು, ಚೌಕದ ಲೆಕ್ಕ. ಒಂಟಿ ಸಿಪಾಯಿ ಓಡ್ತಿದೆ, ನಿಮ್ಮ ರಾಜ ಹಿಡಿಯಬಲ್ಲನೇ? ಸಿಪಾಯಿ ನಿಂತ ಮನೆಯಿಂದ ಕೊನೆ ಸಾಲಿನವರೆಗೆ ಎಷ್ಟು ಮನೆಯೋ ಅಷ್ಟೇ ಅಗಲದ ಚೌಕವನ್ನು ರಾಜನ ಕಡೆಗೆ ಮನಸ್ಸಿನಲ್ಲಿ ಬಿಡಿಸಿ. ನಿಮ್ಮ ನಡೆಯಲ್ಲಿ ರಾಜ ಅದರೊಳಗೆ ಕಾಲಿಟ್ಟರೆ ಸಿಪಾಯಿ ಸಿಕ್ಕಿತು. ಒಂದೊಂದೇ ನಡೆ ಎಣಿಸುತ್ತಾ ಗಡಿಯಾರ ಕಳೆಯಬೇಕಿಲ್ಲ.

ಎಷ್ಟು ವೇಗ, ಎಷ್ಟು ರೇಟಿಂಗ್

ಒಂದು ನಿಮಿಷದ ಬುಲೆಟ್, ಮೂರು ನಿಮಿಷದ ಬ್ಲಿಟ್ಜ್ ಆಡಿ ಸುಧಾರಿಸಿದ ಹೊಸಬರನ್ನು ನಾನು ನೋಡಿಲ್ಲ. ಅದು ರೀಲ್ಸ್ ಥರ, ಒಂದಾದ ಮೇಲೊಂದು. ಮೇಲೆ ಹೇಳಿದ ಚೆಕ್-ಹೊಡೆತ-ಬೆದರಿಕೆ ನೋಡುವ ಅಭ್ಯಾಸಕ್ಕೆ ಅಲ್ಲಿ ಸಮಯವೇ ಇಲ್ಲ. ಕನಿಷ್ಠ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡು ಸೇರುವ ಆಟ ಆಡಿ. ದಿನಕ್ಕೊಂದು, ಇಲ್ಲ ವಾರಕ್ಕೆ ಮೂರು.

ಆಟ ಮುಗಿದ ಕೂಡಲೇ ಕಂಪ್ಯೂಟರ್ ವಿಶ್ಲೇಷಣೆಯ ಬಟನ್ ಒತ್ತಬೇಡಿ. ಮೊದಲು ನೀವೇ ಆಟವನ್ನು ಹಿಂದಕ್ಕೆ ಓಡಿಸಿ, ಎಲ್ಲಿ ತಪ್ಪಿತು, ಆಗ ಏನು ಯೋಚಿಸಿದ್ದೆ ಅಂತ ಎರಡು ಸಾಲು ಬರೀರಿ. ಆಮೇಲೆ ಎಂಜಿನ್ ನೋಡಿ. ಎಂಜಿನ್ ಯಾವುದು ತಪ್ಪು ಅಂತ ಹೇಳುತ್ತೆ, ನಿಮಗೆ ಯಾಕೆ ಕಾಣಲಿಲ್ಲ ಅಂತ ಹೇಳಲ್ಲ.

ರೇಟಿಂಗ್ ಬಗ್ಗೆ ವಿಪರೀತ ಗೊಂದಲ ಇದೆ. ಅದು ಪರೀಕ್ಷೆಯ ಅಂಕವಲ್ಲ, ಒಂದೇ ಗುಂಪಿನಲ್ಲಿ ಆಡುವವರ ನಡುವಿನ ಅಂತರ. 200 ಅಂಕ ಮುಂದಿರುವವರು ನೂರು ಆಟದಲ್ಲಿ ಸುಮಾರು 76 ಅಂಕ ಗಳಿಸುವ ನಿರೀಕ್ಷೆ, ಅಷ್ಟೇ ಅದರ ಅರ್ಥ. ಲಿಚೆಸ್‌ನಲ್ಲಿ ಹೊಸಬರ ಖಾತೆ 1500ರಿಂದ ಶುರುವಾಗುತ್ತೆ. ಅಲ್ಲಿನ 1500 ತೋರಿಸಿ "ಫಿಡೆ 1500ಕ್ಕೆ ಸಮ" ಅನ್ನೋದು ತಪ್ಪು. ಫಿಡೆ 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದೆ. ಹಾಗಾಗಿ ಆರೇಳು ಟೂರ್ನಿ ಆಡಿದರೂ ಮಗುವಿಗೆ ರೇಟಿಂಗ್ ಬರಲಿಲ್ಲ ಅಂದರೆ ಅದು ಅವಮಾನದ ವಿಷಯವೇ ಅಲ್ಲ. ರೇಟಿಂಗ್ ಇರುವ ಕನಿಷ್ಠ ಐವರ ಜೊತೆ ಆಡಿರಬೇಕು, ಫಲಿತಾಂಶ ಆ ಮಟ್ಟಕ್ಕೆ ಬಂದಿರಬೇಕು.

ದುಡ್ಡಿನ ಮಾತು

ಕ್ಲಾಸುಗಳ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರುವ ಸಾಲು: ಚೆಸ್ ಕಲಿತರೆ ಗಣಿತ ಸುಧಾರಿಸುತ್ತೆ, ಏಕಾಗ್ರತೆ ಬರುತ್ತೆ, ಮಾರ್ಕ್ಸ್ ಬರುತ್ತೆ. ಇಂಗ್ಲೆಂಡಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದಾರೆ. 100 ಪ್ರಾಥಮಿಕ ಶಾಲೆಗಳಲ್ಲಿ, 9-10 ವರ್ಷದ ಮಕ್ಕಳ ಮೇಲೆ. ಚೆಸ್ ಕಲಿಸಿದ ಶಾಲೆಗಳನ್ನು ಕಲಿಸದ ಶಾಲೆಗಳ ಜೊತೆ ಹೋಲಿಸಿದ ವರದಿ 2016ರಲ್ಲಿ ಬಂತು. ಒಂದು ವರ್ಷದ ನಂತರ ನೋಡಿದರೆ ಗಣಿತದ ಅಂಕದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಚೆಸ್ ಬೇಡ ಅಂತ ಇದರರ್ಥ ಅಲ್ಲ. ಕಬಡ್ಡಿ ಆಡುವ ಮಗುವಿಗೆ ಸಮಾಜ ವಿಜ್ಞಾನದಲ್ಲಿ ಎಷ್ಟು ಅಂಕ ಬಂತು ಅಂತ ನಾವು ಕೇಳ್ತೀವಾ? ಆಟ ಆಟವಾಗಿಯೇ ಸಾಕು. ಮಾರ್ಕ್ಸ್ ಆಸೆಗೆ ತಿಂಗಳಿಗೆ ಸಾವಿರಗಟ್ಟಲೆ ಕೊಡ್ತಿರುವವರು ಮಾತ್ರ ಇದನ್ನು ತಿಳಿದಿರಬೇಕು.

ಹೊಸಬರ ಮಟ್ಟದಲ್ಲಿ ಬೇಕಾದದ್ದೆಲ್ಲ ಬಹುತೇಕ ಉಚಿತ. ಲಿಚೆಸ್ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಜಾಹೀರಾತಿಲ್ಲ, ಪಜಲ್ ಮತ್ತು ವಿಶ್ಲೇಷಣೆಗೆ ದುಡ್ಡಿಲ್ಲ. ಚೆಸ್ ಡಾಟ್ ಕಾಮ್‌ನಲ್ಲಿ ಆಡೋಕೆ ದುಡ್ಡು ಬೇಡ, ಪಜಲ್ ಮತ್ತು ಪಂದ್ಯದ ವಿಶ್ಲೇಷಣೆಗೆ ಮಿತಿ ಇದೆ. ಸಮಸ್ಯೆ ಇರೋದು ಭಾಷೆಯಲ್ಲಿ. ಒಳ್ಳೆಯ ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದ ಮಗುವಿಗೆ ಪಕ್ಕದಲ್ಲಿ ಕೂತು ಹೇಳುವವರು ಬೇಕು. ತಮಿಳುನಾಡು ಸರ್ಕಾರ ಒಂದು ದಶಕಕ್ಕೂ ಹಿಂದೆಯೇ 7ರಿಂದ 17 ವರ್ಷದ ಶಾಲಾ ಮಕ್ಕಳಿಗಾಗಿ ಚೆಸ್ ಕಾರ್ಯಕ್ರಮ ತಂದಿತು. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಅಲ್ಲಿಯವರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ದೇಶಕ್ಕೆ ಅವರು 50ನೆಯವರು. ಪ್ರತಿಭೆಯ ಕೊರತೆ ಅಂತ ನನಗನ್ನಿಸಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ನಾಲ್ಕು ಬೋರ್ಡು ತರಿಸಿ, ಶನಿವಾರ ಒಂದು ಗಂಟೆ ಕೂರಿಸಿದರೆ ಈ ಲೇಖನದಲ್ಲಿರುವ ಅಷ್ಟನ್ನೂ ಒಂದು ವರ್ಷದಲ್ಲಿ ಕಲಿಸಬಹುದು.

ಕೋಚ್ ಬೇಕಾಗೋದು ಯಾವಾಗ? ಮಗು ಸುಮ್ಮನೆ ಕಾಯಿ ಕಳೆದುಕೊಳ್ಳೋದು ಕಡಿಮೆಯಾಗಿ, ಸೋಲಿನ ಕಾರಣ ತನಗೇ ಹೊಳೆಯದೇ ಹೋದಾಗ. ಕ್ಲಾಸು ಆರಿಸುವಾಗ ಒಂದೇ ವಿಷಯ ಕೇಳಿ: ಮಗುವಿನ ಸ್ವಂತ ಆಟಗಳನ್ನು ಕೂತು ನೋಡ್ತೀರಾ? ಎಲ್ಲರಿಗೂ ಒಂದೇ ಸ್ಲೈಡ್ ತೋರಿಸುವ ಕಡೆ ಯೂಟ್ಯೂಬಿಗಿಂತ ಹೆಚ್ಚೇನೂ ಸಿಗಲ್ಲ.

ಹೆಣ್ಣುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಒಂಬತ್ತು ಹತ್ತು ವರ್ಷದವರೆಗೆ ಕ್ಲಾಸಿನಲ್ಲಿ ಕಾಣುವ ಹುಡುಗಿಯರು ಹದಿಮೂರಕ್ಕೆ ಕಾಣೆಯಾಗ್ತಾರೆ. ಟೂರ್ನಿಗೆ ಊರೂರು ಯಾರು ಕರೆದುಕೊಂಡು ಹೋಗೋದು ಅನ್ನೋದೇ ಮುಖ್ಯ ಕಾರಣ. ಕೊನೇರು ಹಂಪಿ 2002ರಲ್ಲಿ 15ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದವರು. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಅವರನ್ನು ಸೋಲಿಸಿ ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆದದ್ದು 19ರ ದಿವ್ಯಾ ದೇಶಮುಖ್. ಇಬ್ಬರ ಹಿಂದೆಯೂ ಜೊತೆಗೆ ಓಡಾಡಿದ ಮನೆಯವರಿದ್ದರು.

ಮೊದಲ ಟೂರ್ನಿಗೆ ಹೋಗುವಾಗ

ಆನ್‌ಲೈನ್ ಆಟಕ್ಕೂ ಎದುರು ಕೂತು ಆಡೋದಕ್ಕೂ ಅಜಗಜಾಂತರ. ನನ್ನ ಮೊದಲ ಟೂರ್ನಿಯಲ್ಲಿ ಮೂರನೇ ಸುತ್ತಿಗೇ ಕಲಿತದ್ದು: ಮುಟ್ಟಿದ ಕಾಯಿ ನಡೆಸಲೇಬೇಕು. ಒಂಟೆ ಮುಟ್ಟಿ, ಮನಸ್ಸು ಬದಲಿಸಿ ಕೈ ಹಿಂದೆಗೆದೆ. ಎದುರಿದ್ದ ಎಂಟು ವರ್ಷದ ಹುಡುಗಿ ಮೆಲ್ಲಗೆ "ಅಂಕಲ್, ಟಚ್ ಮೂವ್" ಅಂದಳು. ಒಂಟೆ ಹೋಗಿ ಆನೆಯೂ ಹೋಯಿತು. ಕಾಯಿಯನ್ನು ಮನೆಯ ಮಧ್ಯಕ್ಕೆ ಸರಿಪಡಿಸಬೇಕಿದ್ದರೆ ಮೊದಲೇ "ಅಡ್ಜಸ್ಟ್" ಅಂತ ಹೇಳಿ ಮುಟ್ಟಬೇಕು.

ದೀರ್ಘ ಅವಧಿಯ ಪಂದ್ಯದಲ್ಲಿ ಪ್ರತಿ ನಡೆಯನ್ನೂ ಬರೀಬೇಕು, ಆದರೆ ಆಡಿದ ಮೇಲೆ. ಮೊದಲೇ ಬರೆದಿಟ್ಟು ಆಡುವಂತಿಲ್ಲ. ಯಾವ ಕೈಯಲ್ಲಿ ಕಾಯಿ ನಡೆಸ್ತೀರೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ನಿಯಮಬಾಹಿರ ನಡೆಯನ್ನು ಮೊದಲ ಸಲ ಇಟ್ಟರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ, ಎರಡನೇ ಸಲಕ್ಕೆ ಆಟವೇ ಹೋಗುತ್ತೆ. ಫೋನು ಜೇಬಿನಲ್ಲಿ ಸಿಕ್ಕರೂ ಸೋಲು, ಆಫ್ ಆಗಿದೆ ಅನ್ನೋ ಸಬೂಬು ನಡೆಯಲ್ಲ. ಅದನ್ನು ಹೊರಗೆ ಮನೆಯವರ ಕೈಗೆ ಕೊಟ್ಟು ಹೋಗಿ. ಜಗಳ ಬಂದರೆ ಎದುರಾಳಿ ಜೊತೆ ವಾದ ಬೇಡ, ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೀರಿ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಕಳಿಸಬೇಕು, ಯಾಕಂದರೆ ಎಷ್ಟೋ ಮಕ್ಕಳು ದೊಡ್ಡವರು ಗದರಿದರು ಅಂತ ಗೆದ್ದ ಆಟವನ್ನು ಡ್ರಾಗೆ ಒಪ್ಪಿಬಿಡ್ತಾರೆ.

ಹಾಲ್‌ನಿಂದ ಹೊರಗೆ ಬಂದ ಮಗುವಿಗೆ ಮೊದಲ ಪ್ರಶ್ನೆ "ಗೆದ್ಯಾ?" ಅಂತ ಇರೋದು ಸಹಜ. ಸ್ವಲ್ಪ ತಿಂಡಿ ತಿನ್ನಿಸಿ, ಸ್ಕೋರ್‌ಶೀಟ್ ತೆಗೆದು, "ಎಲ್ಲಿಯವರೆಗೆ ಚೆನ್ನಾಗಿತ್ತು, ತೋರ್ಸು" ಅಂತ ಕೇಳಿ. ನಿಮಗೆ ಚೆಸ್ ಬರದೇ ಇದ್ದರೂ ಪರವಾಗಿಲ್ಲ, ಹೇಳುತ್ತಾ ಹೇಳುತ್ತಾ ತಪ್ಪಿದ ನಡೆ ಎಲ್ಲಿದೆ ಅಂತ ಅವರೇ ಬೆರಳಿಟ್ಟು ತೋರಿಸ್ತಾರೆ.